ಹೇಮಾವತಿ ಸೇತುವೆ ಕೆಳಗಿನ ನೀರು ಬೆಳ್ಳಗಾದದ್ದಕ್ಕೆ

ನಮಸ್ಕಾರ. ಸಕಲೇಶಪುರದ ಹೇಮಾವತಿ ಸೇತುವೆಯ ಪುಟ್ಟ ಮಾದರಿಯಲ್ಲಿ ನದಿ ನೀರು ತೋರಿಸಲು ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ) ಸುರಿದೆ, ಮಾರನೇ ದಿನ ನೀರು ಮಜ್ಜಿಗೆಯಂತೆ ಮಬ್ಬಾಗಿ ಒಳಗೆಲ್ಲ ಗುಳ್ಳೆ ಎಂದಿದ್ದೀರಿ. ಜುಲೈ ಮಳೆಯಲ್ಲಿ ಸುರಿದಿರಿ, ಅಲ್ವಾ? ಆ ತೇವ ರೆಸಿನ್‌ಗೆ ಆಗಿಬರುವುದಿಲ್ಲ. ಗುಳ್ಳೆಗೆ ಕಾರಣ ಬೇರೆ: ನದಿಯ ತಳದ ಪ್ಲಾಸ್ಟರ್ ಮೇಲೆ ಬಣ್ಣ ತೆಳುವಾಗಿದ್ದರೆ ಪ್ಲಾಸ್ಟರ್ ಒಳಗಿನ ಗಾಳಿ ಮೇಲೇಳುತ್ತದೆ.

ಹಾಸನದ ನಮ್ಮ ಮನೆಯಲ್ಲಿ ನನ್ನದು ಇನ್ನೂ ದೊಡ್ಡ ಎಡವಟ್ಟು. ಅಂಚಿನ ಒಂದು ಸಂದು ಮುಚ್ಚಿರಲಿಲ್ಲ. ಬೆಳಿಗ್ಗೆ ನೋಡಿದರೆ ಅರ್ಧ ನದಿ ಮೇಜಿನ ಕೆಳಗೆ, ನನ್ನ ಚಪ್ಪಲಿಯೂ ಅದರಲ್ಲೇ ಅಂಟಿತ್ತು!

ನಿಮ್ಮದನ್ನು ಕೀಳಬೇಡಿ. ಮಳೆಗಾಲದ ಹೇಮಾವತಿ ತಿಳಿಯಾಗಿರುತ್ತದೆಯೇ? ಹಾಲು ಹಾಕಿದ ಚಹಾದ ಬಣ್ಣ. ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿ, ಅಕ್ರಿಲಿಕ್ ಬಣ್ಣದಲ್ಲಿ ಮಧ್ಯಕ್ಕೆ ಗಾಢ ಕಂದು, ದಡಕ್ಕೆ ತಿಳಿ ಕೆಮ್ಮಣ್ಣು ಬಳಿಯಿರಿ. ಆಳ ಕಾಣಿಸುವುದು ಬಣ್ಣದಿಂದಲೇ. 1:87 ಅಳತೆಯಲ್ಲಿ (ನಿಜದ 87ನೇ ಒಂದು ಭಾಗ) 3 ಮಿಲಿಮೀಟರ್ ರೆಸಿನ್ ಎಂದರೆ ನಿಜದಲ್ಲಿ ಬರೀ 26 ಸೆಂಟಿಮೀಟರ್. ಸುಮ್ನೆ ಜಾಸ್ತಿ ಸುರಿದು ದುಡ್ಡು ಹಾಳು.

ಬಣ್ಣ ಒಣಗಿದ ಮೇಲೆ ಹೊಳಪಿನ ಅಕ್ರಿಲಿಕ್ ಜೆಲ್ (ಮಂದವಾದ ಲೇಪ) ಹಚ್ಚಿ, ಅಲೆಗಳು ಮೂಡುವಂತೆ ಗಡಸು ಬ್ರಷ್‌ನಿಂದ ಕುಟ್ಟುತ್ತಾ ಹೋಗಿ. ಹಚ್ಚಿದಾಗ ಬೆಳ್ಳಗಿರುತ್ತದೆ, ಗಾಬರಿಯಾಗಬೇಡಿ, ಒಣಗಿದಂತೆ ತಿಳಿಯಾಗುತ್ತದೆ. ಕಂಬಗಳಿಗೆ ನೀರು ಬಡಿಯುವ ಕಡೆ ಮಾತ್ರ, ಬಹುತೇಕ ಒಣಗಿದ ಬ್ರಷ್‌ನಿಂದ ಒಂದಿಷ್ಟು ಬಿಳಿ ನೊರೆ. ಇನ್ನೊಮ್ಮೆ ರೆಸಿನ್ ಸುರಿಯುವ ಆಸೆಯಿದ್ದರೆ ಫೆಬ್ರವರಿವರೆಗೆ ಕಾಯಿರಿ.