ಬಾಡಿಗೆ ಮನೆಯ ಬಿಸಿನೀರು: ಗೀಸರೋ, ಸೋಲಾರೋ?

ಪ್ರಶ್ನೆ: ಬೀದರಿನಲ್ಲಿ ನಮ್ಮ ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಕೊಡಬೇಕಾಗಿದೆ. ಬಂದವರೆಲ್ಲ ಮೊದಲು ಬಚ್ಚಲುಮನೆಗೆ ಇಣುಕಿ, ಅಲ್ಲಿರುವ ಕಟ್ಟಿಗೆಯ ಹಂಡೆ ಒಲೆ ನೋಡಿ ಹಿಂದಿರುಗುತ್ತಾರೆ. ಗೀಸರ್ ಹಾಕಿಸಲೇ, ಸೋಲಾರ್ ಹಾಕಿಸಲೇ? ಗ್ಯಾಸ್ ಗೀಸರ್ ಅಗ್ಗವೆಂದೂ ಕೆಲವರು ಹೇಳುತ್ತಾರೆ.
– ಓದುಗರೊಬ್ಬರು, ಬೀದರ್

ಉತ್ತರ: ಬೀದರಿನ ಚಳಿ ತಿಳಿದವರು ಬಚ್ಚಲುಮನೆಯನ್ನೇ ಮೊದಲು ನೋಡುವುದು ಸಹಜ. ಆದರೆ ಬಾಡಿಗೆದಾರರ ಮನಸ್ಸಿನಲ್ಲಿರುವ ನಿಜವಾದ ಚಿಂತೆ ಕರೆಂಟ್ ಬಿಲ್ಲಿನದು. 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.7 ಯೂನಿಟ್ ಬೇಕು. ಅದಕ್ಕೆ ತಣ್ಣೀರು ಬೆರೆಸಿದರೆ ಇಬ್ಬರ ಸ್ನಾನವಾಗುತ್ತದೆ. ಅಂದರೆ ನಾಲ್ವರ ಸಂಸಾರಕ್ಕೆ ತಿಂಗಳಿಗೆ 40 ಯೂನಿಟ್‌ಗೂ ಹೆಚ್ಚು. ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಈ ಲೆಕ್ಕವನ್ನು ಗೃಹಿಣಿಯರು ನಿಮಗಿಂತ ಚೆನ್ನಾಗಿ ಹಾಕುತ್ತಾರೆ. ಆದ್ದರಿಂದ ಕೆಳಗಿನ ಭಾಗಕ್ಕೆ ಬೇರೆ ಮೀಟರ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಒಂದೇ ಮೀಟರಿನ ಮನೆಯಲ್ಲಿ ಗೀಸರ್ ಜಗಳಕ್ಕೆ ಮೂಲವಾಗುತ್ತದೆ.

ವರ್ಷಗಟ್ಟಲೆ ಉಳಿಯುವ ಸಂಸಾರಸ್ಥರು ಬೇಕೆಂದಿದ್ದರೆ ಸೋಲಾರ್ ಹಾಕಿಸುವುದೇ ಒಳ್ಳೆಯದು. ನಮ್ಮ ಭಾಗದ ಚಳಿಗಾಲದಲ್ಲಿ ಆಕಾಶ ಬಹುಮಟ್ಟಿಗೆ ತಿಳಿಯಾಗಿರುವುದರಿಂದ, ಬಿಸಿನೀರು ಹೆಚ್ಚು ಬೇಕಾದ ದಿನಗಳಲ್ಲೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ಮೋಡಕ್ಕೆ ಮಾತ್ರ ಕರೆಂಟಿನ ಕಾಯಿಲ್ ಇರಲಿ. ಒಂದು ಸಂಗತಿ ಮರೆಯಬೇಡಿ: ಮಾಳಿಗೆಯಿಂದ ಕೆಳಗಿನ ನಲ್ಲಿಯವರೆಗಿನ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ತಣ್ಣಗಾಗಿ, ಬೆಳಿಗ್ಗೆ ಮೊದಲ ಬಕೆಟ್ ತಣ್ಣಗೇ ಬರುತ್ತದೆ. ಹೊಸ ಬಾಡಿಗೆದಾರರು ಸೋಲಾರ್ ಕೆಟ್ಟಿದೆಯೆಂದೇ ತಿಳಿಯುತ್ತಾರೆ. ಪೈಪು ಆದಷ್ಟು ಗಿಡ್ಡವಿರಲಿ, ಮೇಲೆ ಶಾಖ ತಡೆಯುವ ಹೊದಿಕೆ ಇರಲಿ, ಮನೆ ತೋರಿಸುವಾಗಲೇ ಇದನ್ನು ಹೇಳಿಬಿಡಿ. ವರ್ಷಕ್ಕೊಮ್ಮೆ ಮನೆ ಬದಲಿಸುವ ವಿದ್ಯಾರ್ಥಿಗಳು, ಒಂಟಿ ನೌಕರರು ಬರುವಂತಿದ್ದರೆ 15 ಲೀಟರಿನ ಗೀಸರ್ ಸಾಕು. ಅದಕ್ಕೆ ಸರಿಯಾದ ಅರ್ಥಿಂಗ್ ಇರಲೇಬೇಕು. ಏನೂ ಹಾಕಿಸದಿದ್ದರೆ ಅವರು ಬಕೆಟ್ಟಿಗೆ ರಾಡ್ ಇಳಿಬಿಡುತ್ತಾರೆ, ಒದ್ದೆ ನೆಲದ ಮೇಲೆ ಅದು ಜೀವಕ್ಕೇ ಅಪಾಯ.

ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲುಮನೆಯೊಳಗೆ ದಯವಿಟ್ಟು ಹಾಕಿಸಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಎಚ್ಚರ ತಪ್ಪಿ ಸತ್ತಿರುವುದುಂಟು.

ಬೋರ್ ನೀರು ಗಡುಸಾಗಿದ್ದರೆ ಕಾಯಿಲ್ ಮೇಲೆ ಬಿಳಿ ಪದರು ಕಟ್ಟುತ್ತದೆ. ಅದರ ಸರ್ವಿಸ್ ಖರ್ಚು ಯಾರದೆಂದು ಕರಾರುಪತ್ರದಲ್ಲಿಯೇ ಬರೆಸಿ. ನಿಮ್ಮದೇ ಎಂದು ಬರೆಸಿದರೆ ಇನ್ನೂ ಒಳ್ಳೆಯದು.