ಜಾತ್ರೆಗೆ ಹೋದರೆ ಬಹುಮಾನ ಹೋಯಿತು!

ಪ್ರಶ್ನೆ: ಶರಣಬಸವೇಶ್ವರ ಜಾತ್ರೆಗೆ ಮನೆ ತುಂಬ ಬೀಗರು ಬಂದಿದ್ದರು. ಐದು ದಿನ ಮೊಬೈಲ್ ಮುಟ್ಟಲಿಲ್ಲ. ಅಷ್ಟರಲ್ಲಿ ನಾನು ಆಡುವ ಗೇಮ್‌ನಲ್ಲಿ ನಮ್ಮ ಪಾತ್ರಕ್ಕೆ ಹಾಕುವ ಒಂದು ಡ್ರೆಸ್ ಕೊಡುವ ಅವಧಿ ಮುಗಿದಿತ್ತು. ಇನ್ನು ಯಾವತ್ತೂ ಸಿಗಲ್ಲವಂತೆ. ಇದು ಸರಿನಾ?
– ಓದುಗ, ಕಲಬುರಗಿ

ಉತ್ತರ: ಸರಿಯಲ್ಲ ತಮ್ಮಾ. ತೇರಿಗೆ ಉತ್ತತ್ತಿ ಎಸೆದು ಬಂದಿದ್ದಕ್ಕೆ ದಂಡ ಹಾಕಿದ ಹಾಗಾಯಿತು ಅಲ್ವಾ? ಅವಧಿ ಇಡುವುದೇ, ಈಗ ಬಿಟ್ಟರೆ ಮತ್ತೆ ಸಿಗಲ್ಲ ಎನ್ನುವ ಭಯ ಹುಟ್ಟಿಸಿ ದಿನಾ ಆಡಿಸಲಿಕ್ಕೆ, ದುಡ್ಡು ಹಾಕಿಸಲಿಕ್ಕೆ. ಬೇರೆ ದಾರಿ ಇದೆ. 2021ರಲ್ಲಿ ಬಂದ ಹೇಲೋ ಇನ್‌ಫಿನಿಟ್ ಗೇಮ್‌ನಲ್ಲಿ ಕೊಂಡ ಬ್ಯಾಟಲ್ ಪಾಸ್‌ಗೆ (ಆಡುತ್ತಾ ಹೋದಂತೆ ಒಂದೊಂದೇ ಬಹುಮಾನ ಕೊಡುವ ಪಾಸ್) ಅವಧಿಯೇ ಇಲ್ಲ, ಆರಾಮಾಗಿ ಮುಗಿಸಬಹುದು. ಫೋರ್ಟ್‌ನೈಟ್ ಗೇಮ್ ಕೂಡ 2024ರಲ್ಲಿ ನಿಯಮ ಬದಲಿಸಿತು: ಅಲ್ಲಿಂದ ಮುಂದಿನ ಪಾಸ್‌ಗಳ ವಸ್ತುಗಳು, ಪಾಸ್ ಮುಗಿದು 18 ತಿಂಗಳಾದ ಮೇಲೆ ಗೇಮ್‌ನ ಅಂಗಡಿಗೆ ಬರಬಹುದು.

ಹೀಗೆ ಮತ್ತೆ ಎಲ್ಲರಿಗೂ ಸಿಕ್ಕರೆ ಮೊದಲೇ ಕಷ್ಟಪಟ್ಟು ಗಳಿಸಿದವರಿಗೆ ಬೇಜಾರಾಗುತ್ತದೆ, ಅದೂ ನಿಜವೇ. ಟೂರ್ನಮೆಂಟ್ ಗೆದ್ದವರ ಬಹುಮಾನ ಅವರಿಗೇ ಇರಲಿ. ಆದರೆ ಸುಮ್ನೆ ಆ ವಾರ ಲಾಗಿನ್ ಆದವರಿಗೆಲ್ಲ ಕೊಟ್ಟ ಡ್ರೆಸ್ ಒಂದೆರಡು ವರ್ಷ ಬಿಟ್ಟಾದರೂ ಮತ್ತೆ ಸಿಗಬೇಕು, ಬೇಕಿದ್ದರೆ ಬಣ್ಣ ಬದಲಿಸಿ ಕೊಡಲಿ. ನಿನ್ನ ಗೇಮ್‌ನವರಿಗೆ ಇದನ್ನೇ ಬರೆದು ಕಳಿಸು. ಮುಂದಿನ ವರ್ಷವೂ ಜಾತ್ರೆ ಮಾತ್ರ ಬಿಡಬೇಡ.