ಎರಡು ಎಲೆಕ್ಟ್ರಾನ್ ಎಲ್ಲಿ ಹೋದವು?

ಪ್ರಶ್ನೆ: ಮೇಡಂ, ನಾವು ನಾಲ್ಕು ಜನ ದ್ವಿತೀಯ ಪಿಯುಸಿ ಹುಡುಗಿಯರು ಸಂಜೆ ಒಟ್ಟಿಗೆ ಕೂತು ಓದುತ್ತೇವೆ. ಹೀಲಿಯಂ-4ರ ಬೈಂಡಿಂಗ್ ಎನರ್ಜಿ (ನ್ಯೂಕ್ಲಿಯಸ್ಸಿನ ಕಣಗಳನ್ನು ಕಟ್ಟಿಹಿಡಿದಿರುವ ಶಕ್ತಿ) ನನಗೆ 28.3 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಬಂತು, ಗೆಳತಿಗೆ 27.3. ಪುಸ್ತಕದಲ್ಲಿ 28.3 ಇದೆ. ಅವಳದು ಎಲ್ಲಿ ತಪ್ಪಿತು ಅಂತ ಮೂರು ಸಲ ಲೆಕ್ಕ ಮಾಡಿದರೂ ಗೊತ್ತಾಗಲಿಲ್ಲ. ಇನ್ನೊಂದು ವಿಷಯ. ಬೇರೆಯವರ ಲೆಕ್ಕ ನೋಡುತ್ತಾ ಕೂತರೆ ನನ್ನ ಓದು ಹಾಳಾಗುತ್ತೆ ಅಂತ ಅಮ್ಮನಿಗೆ ಚಿಂತೆ. ಹೌದಾ?
– ಒಬ್ಬ ವಿದ್ಯಾರ್ಥಿನಿ, ಸಾಗರ

ಉತ್ತರ: ಮಗಳೇ, ನಿನ್ನ ಗೆಳತಿ ಕೂಡಿದ್ದರಲ್ಲಿ, ಕಳೆದಿದ್ದರಲ್ಲಿ ಏನೂ ತಪ್ಪಿಲ್ಲ. ಅದಕ್ಕೇ ಮೂರು ಸಲವೂ ಅದೇ ಉತ್ತರ ಬಂದಿದೆ. ಅವಳ ಮೊದಲ ಸಾಲು ನೋಡು. ಪ್ರೋಟಾನಿಗೆ 1.007276 ಯು (ಪರಮಾಣುಗಳ ಮಾಸ್ ಅಳೆಯುವ ಮಾನ) ಅಂತ ಹಾಕಿರುತ್ತಾಳೆ. ನೀನು 1.007825 ಹಾಕಿರುತ್ತೀಯ. ನಿನ್ನದು ಬರೀ ಪ್ರೋಟಾನ್ ಅಲ್ಲ, ಎಲೆಕ್ಟ್ರಾನೂ ಸೇರಿದ ಹೈಡ್ರೋಜನ್ ಪರಮಾಣು.

ಇನ್ನು ಹೀಲಿಯಂನ 4.002603 ನೋಡಿ. ಪುಸ್ತಕದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕೊಡುವುದು ಇಡೀ ಪರಮಾಣುವಿನ ಮಾಸ್. ಎರಡು ಎಲೆಕ್ಟ್ರಾನ್ ಅದರೊಳಗೇ ಇವೆ. ನೀನು ಎರಡು ಹೈಡ್ರೋಜನ್ ತೆಗೆದುಕೊಂಡಾಗ ಆ ಕಡೆಯೂ ಎರಡು ಎಲೆಕ್ಟ್ರಾನ್ ಬಂದವು, ಕಳೆದಾಗ ಹೊಡೆದುಹೋದವು. ಎರಡು ನ್ಯೂಟ್ರಾನಿನ ಮಾಸನ್ನೂ ಸೇರಿಸಿ ಹೀಲಿಯಂನದು ಕಳೆದರೆ ವ್ಯತ್ಯಾಸ 0.030377 ಯು. ಅದನ್ನು ಎಂಇವಿಗೆ ತರಲು 931.5ರಿಂದ ಗುಣಿಸಿದರೆ 28.3. ಗೆಳತಿ ಮಾತ್ರ ಎಲೆಕ್ಟ್ರಾನ್ ಇಲ್ಲದ ಪ್ರೋಟಾನುಗಳಿಂದ, ಎಲೆಕ್ಟ್ರಾನ್ ಇರುವ ಹೀಲಿಯಂ ಕಳೆದಳು. ಅವಳಿಗೆ ಬಂದದ್ದು 0.029279.

ಈಗ ನಿಮ್ಮಿಬ್ಬರ ಉತ್ತರಗಳನ್ನೇ ಒಂದರಿಂದ ಒಂದು ಕಳೆಯಿರಿ. 28.3 ಅಂತ ಮೊಟಕು ಮಾಡಬೇಡಿ, ಮೂರು ದಶಮಾಂಶ ಇಟ್ಟುಕೊಳ್ಳಿ. ಸುಮಾರು 1.02 ಎಂಇವಿ ಬರುತ್ತದೆ. ಒಂದು ಎಲೆಕ್ಟ್ರಾನಿನ ಮಾಸ್ 0.511 ಎಂಇವಿ. ಎರಡಕ್ಕೆ 1.022. ಕಳೆದುಹೋದ ಎರಡು ಎಲೆಕ್ಟ್ರಾನ್ ಸಿಕ್ಕಿದವು! (ಎಲೆಕ್ಟ್ರಾನುಗಳನ್ನು ಹೀಲಿಯಂಗೆ ಕಟ್ಟಿಹಾಕಿರುವ ಶಕ್ತಿ 79 ಇವಿ ಅಷ್ಟೇ. ಎಂಇವಿ ಮುಂದೆ ಅದು ಲೆಕ್ಕಕ್ಕಿಲ್ಲ.)

ಅಮ್ಮನ ಚಿಂತೆಗೂ ಇಲ್ಲೇ ಉತ್ತರ ಇದೆ. ನಿನಗೆ ಸರಿ ಉತ್ತರ ಬಂದಿತ್ತು. ಆದರೆ ನಿನ್ನ ಲೆಕ್ಕದಲ್ಲಿ ಎಲೆಕ್ಟ್ರಾನ್ ಇತ್ತು ಅನ್ನುವುದೇ ನಿನಗೆ ಗೊತ್ತಿರಲಿಲ್ಲ. ಗೆಳತಿ 27.3 ತರದಿದ್ದರೆ ಪರೀಕ್ಷೆವರೆಗೂ ಗೊತ್ತಾಗುತ್ತಿರಲಿಲ್ಲ. ಬೀಟಾ ಪ್ಲಸ್ ಲೆಕ್ಕ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಕಾರ್ಬನ್-11 ಒಂದು ಪಾಸಿಟ್ರಾನ್ (ಎಲೆಕ್ಟ್ರಾನಿನಷ್ಟೇ ಮಾಸಿನ, ಧನ ಆವೇಶದ ಕಣ) ಬಿಟ್ಟು ಬೋರಾನ್-11 ಆಗುತ್ತದಲ್ಲ, ಅಲ್ಲಿ ಪರಮಾಣುಗಳ ಮಾಸ್ ಕಳೆದರೆ 1.983 ಎಂಇವಿ. ನಿಜವಾಗಿ ಹೊರಬರುವುದು 0.96. ನಡುವೆ ಇರುವುದು ಅದೇ 1.022. ಒಂದು ಪಾಸಿಟ್ರಾನಿನದು, ಇನ್ನೊಂದು ಬೋರಾನಿಗೆ ಬೇಡವಾದ ಆರನೇ ಎಲೆಕ್ಟ್ರಾನಿನದು. ಇವತ್ತೇ ನಾಲ್ವರೂ ಕೂತು ಮಾಡಿ.

ನಾನು ಬಿಎಸ್ಸಿ ಓದುವಾಗ ಹಾಸ್ಟೆಲಿನಲ್ಲಿ ಒಬ್ಬ ಗೆಳತಿ ನನಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಪೆನ್ನನ್ನು ಒಂದು ದಿನವೂ ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟು, 'ಈ ನಂಬರ್ ಎಲ್ಲಿಂದ ತಂದೆ?' ಅನ್ನುತ್ತಿದ್ದಳು. ನಾನು ಹೇಳಲು ಶುರು ಮಾಡಿ ಅರ್ಧಕ್ಕೇ ನಿಲ್ಲುತ್ತಿದ್ದೆ. ಆಮೇಲೆ ಮೂವತ್ತು ವರ್ಷ ಪಾಠ ಮಾಡಿದೆ. ಅದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಸಿಗಲಿಲ್ಲ. ನೀನೂ ಗೆಳತಿಗೆ ಅದನ್ನೇ ಕೇಳು. ನಿನ್ನ ಪುಸ್ತಕ ಕೊಟ್ಟು 'ನೋಡಿ ಬರ್ಕೋ' ಅನ್ನಬೇಡ. ಹಾಗೆ ಮಾಡಿದರೆ ಮಾತ್ರ ಇಬ್ಬರ ಓದೂ ಹಾಳು.

ಪ್ರಶ್ನೆ: ಅಯೋಡಿನ್-131ರ ಹಾಫ್ ಲೈಫ್ (ಇದ್ದದ್ದು ಅರ್ಧ ಆಗಲು ಬೇಕಾದ ಸಮಯ) 8 ದಿನ. ಹಾಗಾದರೆ 16 ದಿನಕ್ಕೆ ಪೂರ್ತಿ ಖಾಲಿ ಅಂತಾನೆ ನನ್ನ ಸ್ನೇಹಿತ. ಸೂತ್ರ ತೋರಿಸಿದರೂ ಒಪ್ಪುತ್ತಿಲ್ಲ.
– ಒಬ್ಬ ವಿದ್ಯಾರ್ಥಿ, ಹಾವೇರಿ

ಉತ್ತರ: ಸೂತ್ರ ಸ್ವಲ್ಪ ಪಕ್ಕಕ್ಕಿಡು. ಚೌಕಾಬಾರಕ್ಕೆ ಹುಣಸೆ ಬೀಜದ ಒಂದು ಮಗ್ಗುಲು ತೇಯ್ದು ಬೆಳ್ಳಗೆ ಮಾಡುತ್ತೇವಲ್ಲ, ಅಂಥ 64 ಬೀಜ ತಯಾರು ಮಾಡಿ. ಎಲ್ಲವನ್ನೂ ನೆಲಕ್ಕೆ ಚೆಲ್ಲಿ. ಬಿಳಿ ಮೇಲೆ ಬಂದವು ಕ್ಷಯಿಸಿದ ನ್ಯೂಕ್ಲಿಯಸ್ಸು ಅಂದುಕೊಂಡು ತೆಗೆದಿಡಿ. ಉಳಿದವನ್ನು ಎಣಿಸಿ ಬರೆದು, ಮತ್ತೆ ಚೆಲ್ಲಿ. ಮೂರು ಸಲ ಉಳಿದುಕೊಂಡ ಬೀಜ ಏನೂ ಸುಸ್ತಾಗಿರುವುದಿಲ್ಲ. ನಾಲ್ಕನೇ ಸಲವೂ ಅದಕ್ಕೆ ಮೊದಲಿನಷ್ಟೇ ಅವಕಾಶ. ಅಯೋಡಿನ್ ನ್ಯೂಕ್ಲಿಯಸ್ಸೂ ಹಾಗೇ. ತನಗೆ ಎಷ್ಟು ದಿನ ಆಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. 16 ದಿನಕ್ಕೆ ಕಾಲು ಭಾಗ ಉಳಿದೇ ಇರುತ್ತದೆ.

ತೇಯ್ದ ಬೀಜ ಎರಡೂ ಮಗ್ಗುಲಿಗೆ ಸಮನಾಗಿ ಬೀಳದೇ ಇರಬಹುದು. ಒಂದೇ ಸಲಕ್ಕೆ ಸರಿಯಾಗಿ ಅರ್ಧ ಆಗಲಿಲ್ಲ ಅಂತ ಬೇಜಾರಾಗಬೇಡಿ. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು, ಎಷ್ಟು ಸಲ ಚೆಲ್ಲಿದರೆ 64 ಇದ್ದದ್ದು 32 ಆಗುತ್ತದೆ ಅಂತ ಸ್ನೇಹಿತನ ಕೈಯಲ್ಲೇ ಓದಿಸು. ಅದು ನಿಮ್ಮ ಬೀಜಗಳ ಹಾಫ್ ಲೈಫ್. ಎಷ್ಟು ಬಂತು ಅಂತ ನನಗೂ ಬರೆಯಿರಿ.